ಒಡಪಿನಲ್ಲಿ ಹೇಳುವ ಹೆಸರು

ಫ್ಲಾಸ್ಕಿನ ಮೇಲೆ ಹೆಸರು ಕೆತ್ತಿಸುವ ಯೋಚನೆ ಯಾರದೆಂದು ಕೇಳಿದರೆ ಈಗ ಕಾರ್ಖಾನೆಯ ಆಫೀಸಿನಲ್ಲಿ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ಅಲ್ಲಿನ ಹಳೆಯ ಗುಮಾಸ್ತ ಲಕ್ಷ್ಮಣಪ್ಪ ಸ್ಟೋರಿನ ನೆಲಕ್ಕೆ ಗೋಣಿಚೀಲ ಹಾಕಿಕೊಂಡು ಕುಳಿತು ಬೆಳಿಗ್ಗೆ ಎಂಟರಿಂದ ಪೆಟ್ಟಿಗೆ ಬಿಚ್ಚುತ್ತಿದ್ದ. ಪ್ರತಿ ಫ್ಲಾಸ್ಕನ್ನೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಹೆಸರು ಕಾಣುತ್ತಿತ್ತು. ನೇರ ಹಿಡಿದರೆ ಅವನ ಮುಖವೇ ಉದ್ದುದ್ದ ಎಳೆದುಕೊಂಡು, ಹೊಟ್ಟೆಯುಬ್ಬರದ ಎಮ್ಮೆಯ ಮುಖದ ಹಾಗೆ ಕಾಣುತ್ತಿತ್ತು. ಹಿಂದಿನ ವರ್ಷಗಳಲ್ಲಿ ಹೀಗಿರಲಿಲ್ಲ. ಡಿಸೆಂಬರ್ ಕೊನೆಯ ಶನಿವಾರ ಒಂದು ಸ್ಟೀಲ್ ಡಬ್ಬ, ಒಂದು ಸ್ವೀಟ್ ಪೊಟ್ಟಣ. ಜನ ಸಾಲಾಗಿ ಬಂದು ಈಸಿಕೊಂಡು, ಮುಚ್ಚಳ ಕೂರುತ್ತದೋ ಇಲ್ಲವೋ ಎಂದು ಅಲ್ಲೇ ತಿರುಗಿಸಿ ನೋಡಿ, ಬ್ಯಾಗಿಗೆ ಹಾಕಿಕೊಂಡು ಹೋಗುತ್ತಿದ್ದರು. ಒಂದು ಗಂಟೆಯ ಕೆಲಸ. ಈ ವರ್ಷ ಎಚ್‌ಆರ್ ಮ್ಯಾನೇಜರಾಗಿ ಬಂದ ಮಾಲಾ ಮೇಡಂ ಮೊದಲ ಮೀಟಿಂಗಿನಲ್ಲೇ, 'ಸಾರ್, ಗಿಫ್ಟ್ ಅಂದ್ರೆ ಕೊಟ್ಟು ಕೈ ತೊಳ್ಕೊಳ್ಳೋದಲ್ಲ. ಯೋಚನೆ ಮಾಡಿ ಕೊಡಬೇಕು. ತಗೊಳ್ಳೋರಿಗೆ, ಓ ಇವರು ನನ್ನ ಬಗ್ಗೆ ಯೋಚನೆ ಮಾಡಿದ್ದಾರೆ ಅನ್ನಿಸ್ಬೇಕು' ಎಂದಿದ್ದಳು. ಅವಳು ಕೆಟ್ಟ ಹೆಂಗಸಲ್ಲ. ಮೂವತ್ತೆರಡು ವರ್ಷವಾಗಿರಬಹುದು, ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುತ್ತಾಳೆ. ಆದರೆ ಆ ಮಾತು ಕೇಳಿದಾಗ ಲಕ್ಷ್ಮಣಪ್ಪನಿಗೆ, ತಾನು ಇಪ್ಪತ್ತೊಂಬತ್ತು ವರ್ಷ ಯೋಚನೆಯೇ ಇಲ್ಲದೆ ಡಬ್ಬ ಹಂಚಿದವನು ಎಂದು ಯಾರೋ ಎಲ್ಲರೆದುರು ಓದಿ ಹೇಳಿದಂತಾಗಿತ್ತು.

ಈಗ ಅವನ ತೊಡೆಯ ಮೇಲೆ ಎರಡು ಫ್ಲಾಸ್ಕುಗಳಿದ್ದವು. ಒಂದರ ಮೇಲೆ ರೇವಣಸಿದ್ದ ಎಂದಿತ್ತು, ಇನ್ನೊಂದರ ಮೇಲೆ ಯಮನೂರ ಎಂದಿತ್ತು. ಈ ವರ್ಷದ ಉತ್ತಮ ಕೆಲಸಗಾರನಾಗಿ ಪ್ರೆಸ್ ಶಾಪಿನ ರೇವಣಸಿದ್ದನನ್ನು ಆರಿಸಿದ ಮೇಲೆ ಮಾಲಾ ಮೇಡಂ ಅವನ ಫೈಲು ತರಿಸಿ, ಒಂದು ಮಧ್ಯಾಹ್ನ ಪೂರ್ತಿ ಕೂತು ಓದಿ, ಊರಿನಲ್ಲಿ ಯಮನೂರನೆಂಬ ತಮ್ಮನಿರುವುದನ್ನು ಕಂಡುಹಿಡಿದು, 'ಪಾಪ, ಅಣ್ಣ ಇಲ್ಲಿ ದುಡೀತಾನೆ, ಅವನು ಅಲ್ಲಿ ಹೊಲ ನೋಡ್ಕೋತಾನೆ. ಅವನಿಗೂ ಒಂದು ಇರಲಿ' ಎಂದು ಹೆಚ್ಚುವರಿ ಫ್ಲಾಸ್ಕು ಮಾಡಿಸಿದ್ದಳು. ಕಾರ್ಖಾನೆಯಲ್ಲಿ ಲಕ್ಷ್ಮಣಪ್ಪನೊಬ್ಬನಿಗೆ ಮಾತ್ರ ಈ ಎರಡೂ ಹೆಸರಿಗೆ ಇಲ್ಲಿರುವುದು ಒಬ್ಬನೇ ಮನುಷ್ಯ ಎಂಬುದು ಗೊತ್ತಿತ್ತು. ಪ್ರೆಸ್ಸಿನ ಮುಂದೆ ಒಂಬತ್ತು ವರ್ಷದಿಂದ ನಿಂತವನು ರೇವಣಸಿದ್ದ ಅಲ್ಲ; ರೇವಣಸಿದ್ದನ ತಮ್ಮ ಯಮನೂರ.

ಬೆಳಿಗ್ಗೆ ಮನೆಯಲ್ಲಿ ಹೆಂಡತಿ ಕೃಷ್ಣಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಸೊಗಡಿನ ಎಣ್ಣೆ ಅವಳ ಬೆರಳಿಗೆ ಅಂಟಿ ಪಡಸಾಲೆಯೆಲ್ಲ ಅದರದೇ ವಾಸನೆ. ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಅವನು ಇದ್ದಕ್ಕಿದ್ದಂತೆ, 'ಲೇ, ನನ್ ಹೆಸರು ಒಂದ್ಸಲ ಹೇಳು ನೋಡಾನ' ಎಂದಿದ್ದ.

'ಯಾಕೆ, ಮರ್ತೋಗಿದ್ದೀರಾ?'

'ತಮಾಸೆ ಅಲ್ಲ ಕಣೆ. ಹೇಳು.'

'ಥೂ, ಓಗಿ ಅತ್ಲಾಗೆ. ಒತ್ತಾರೆ ಎದ್ದು ಇದೇನು ಅಂತ' ಎಂದು ಅವಳು ಸಿಪ್ಪೆಯ ಮೊರವನ್ನು ಕುಟ್ಟಿಕೊಂಡು ಎದ್ದುಹೋಗಿದ್ದಳು. ಮೂವತ್ತೊಂದು ವರ್ಷದಲ್ಲಿ ಅವಳ ಬಾಯಿಂದ ಅವನ ಹೆಸರು ಬಂದಿಲ್ಲ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಗಂಡನ ಹೆಸರೇನು ಎಂದರೆ ಕಾರ್ಡು ಮುಂದೆ ನೂಕುತ್ತಾಳೆ. ಇದನ್ನು ಅವನು ಎಂದೂ ಒಂದು ಸಂಗತಿಯೆಂದು ಎಣಿಸಿರಲಿಲ್ಲ. ಬಾಗಿಲಿಗೆ ಚಿಲಕವಿರುವ ಹಾಗೆ ಅದು ಇತ್ತು. ಈ ಮೂರು ವಾರದಿಂದ ಮಾತ್ರ ಆ ಚಿಲಕಕ್ಕೇ ಬೆರಳು ಸಿಕ್ಕಿಕೊಂಡಂತಿತ್ತು.

ಯಾಕೆಂದರೆ ಒಡಪಿನ ಮಾತು ಎತ್ತಿದವನು ಅವನೇ. ಫ್ಲಾಸ್ಕಿನದು ಬೇರೆ ಯಾರದೋ ಇರಬಹುದು, ಒಡಪು ಅವನದು. ನವೆಂಬರಿನ ಮೀಟಿಂಗಿನಲ್ಲಿ ಮಾಲಾ ಮೇಡಂ, 'ಈ ಸಲ ಡೀಜೆ ಬೇಡ, ಅಂತ್ಯಾಕ್ಷರಿ ಬೇಡ. ಹೆಂಡತಿಯರನ್ನೂ ಕರೀತಿದ್ದೀವಿ, ಅವರದ್ದೇ ಏನಾದ್ರೂ ಇರಬೇಕು. ನಿಮಗೇನಾದ್ರೂ ಹೊಳೆಯುತ್ತಾ?' ಎಂದು ಮೇಜಿನ ಸುತ್ತ ನೋಡಿದಾಗ, ಹುಡುಗರೆಲ್ಲ ಫೋನಿಗೆ ತಲೆ ಹಾಕಿದ್ದರು. ಹಿಂದಿನ ವರ್ಷ ಹೆಬ್ಬಗೋಡಿಯ ಒಂದು ವಠಾರದಲ್ಲಿ ಪೇಂಟ್ ಶಾಪಿನ ಅಮರಪ್ಪನ ಮಗುವಿನ ತೊಟ್ಟಿಲಿಗೆ ಹೋಗಿದ್ದಾಗ ಕಂಡದ್ದು ಲಕ್ಷ್ಮಣಪ್ಪನಿಗೆ ನೆನಪಾಯಿತು. ಕೊಪ್ಪಳ, ಗದಗ, ಯಾದಗಿರಿ ಕಡೆಯ ಹೆಂಗಸರು ಒಬ್ಬೊಬ್ಬರನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸಿ, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರು. ಬರಿದೆ ಹೆಸರು ಹೇಳುವ ಹಾಗಿಲ್ಲ. ನಾಲ್ಕು ಸಾಲು ಕಟ್ಟಿ, ಪ್ರಾಸ ಕೂಡಿಸಿ, ಅದರ ಕೊನೆಗೆ ಹೆಸರನ್ನು ಇಡಬೇಕು. ಅದೇ ಒಡಪು. ವರ್ಷವಿಡೀ ಬಾಯಿಗೆ ತಾರದ ಹೆಸರನ್ನು ಆ ನಾಲ್ಕು ಸಾಲಿನ ಮರೆಯಲ್ಲಿ ಹೇಳಿ, ಮುಖ ಕೆಂಪಗೆ ಮಾಡಿಕೊಂಡು ಒಳಗೆ ಓಡುತ್ತಿದ್ದರು. ಅವನು ಅದನ್ನು ವಿವರಿಸಿದಾಗ ಮಾಲಾ ಮೇಡಂ ಪೆನ್ನು ತೆಗೆದಳು. ಅವನ ಮಾತನ್ನು ಯಾರಾದರೂ ಬರೆದುಕೊಂಡದ್ದು ಆ ವರ್ಷ ಅದೊಂದೇ ಸಲ. 'ಸೂಪರ್ ಸಾರ್. ಇದನ್ನ ನಿಮ್ಮ ಹೆಸರು ಹಾಕೇ ಹೆಡ್ ಆಫೀಸಿಗೆ ಕಳಿಸ್ತೀನಿ' ಎಂದಳು. ಅವನು ಆ ದಿನ ಮನೆಗೆ ಹೋಗುವಾಗ ಕಡಲೆಕಾಯಿ ಕೊಂಡುಕೊಂಡು ತಿನ್ನುತ್ತ ಹೋಗಿದ್ದ.

ಎರಡು ವಾರ ಕಳೆದು ಆರಿಸಿದವರ ಹೆಸರು ಬಂದಾಗ, ಪಟ್ಟಿಯ ತಲೆಯಲ್ಲೇ ರೇವಣಸಿದ್ದ. ಅದು ತಪ್ಪೆಂದು ಹೇಳಲು ಯಾವ ದಾರಿಯೂ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಒಂದು ದಿನ ತಡವಾಗಿ ಬಂದವನಲ್ಲ. ಮಾರ್ಚಿನಲ್ಲಿ ಪಕ್ಕದ ಪ್ರೆಸ್ಸಿನವನ ಕೈ ಅಚ್ಚಿನ ಕೆಳಗಿದ್ದಾಗ ಇವನು ಹಾರಿ ಕೆಂಪು ಗುಂಡಿ ಒತ್ತಿದ್ದರಿಂದ ಆ ಕೈ ಇವತ್ತೂ ಊಟ ಮಾಡುತ್ತಿದೆ. ಲಕ್ಷ್ಮಣಪ್ಪ ಮಾಲಾ ಮೇಡಂನ ಕೋಣೆಯ ಬಾಗಿಲಲ್ಲಿ ಮೂರು ಸಲ ನಿಂತು, ಮೂರನೆಯ ಸಲ ಒಳಗೆ ಹೋಗಿ, 'ಮೇಡಂ, ಈ ಸಲ ಪೇಂಟ್ ಶಾಪಿಗೆ ಕೊಡಬಹುದಿತ್ತೇನೋ. ಅಮರಪ್ಪ ಕೂಡ ಒಳ್ಳೇ ಕೆಲಸಗಾರ' ಎಂದಿದ್ದ.

'ಯಾಕೆ ಸಾರ್, ರೇವಣಸಿದ್ದನ ಮೇಲೆ ಏನಾದ್ರೂ ಕಂಪ್ಲೇಂಟ್ ಇದ್ಯಾ?'

'ಇಲ್ಲ ಮೇಡಂ. ಅಂಗೇನಿಲ್ಲ.'

'ಮತ್ತೆ?' ಅವಳು ದನಿ ತಗ್ಗಿಸಿ, 'ಇವತ್ತು ರೇವಣಸಿದ್ದ ಬೇಡ ಅಂತೀರಾ. ನಿನ್ನೆ ಮೀಟಿಂಗಲ್ಲಿ ಒಡಪೂ ಬೇಡ ಅಂದ್ರಿ. ನೀವೇ ಕೊಟ್ಟ ಐಡಿಯಾ ಸಾರ್ ಅದು. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಲೋಕಲ್‌ನವರಿಗೆ ಆ ಕಡೆಯಿಂದ ಬಂದ ಜನದ ಮೇಲೆ ಸ್ವಲ್ಪ ಇದು ಇರತ್ತೆ, ಗೊತ್ತು ನಂಗೆ. ನಿಮ್ಮಂಥ ಸೀನಿಯರ್ ಹತ್ರ ನಾನು ಅದನ್ನ ಎಕ್ಸ್‌ಪೆಕ್ಟ್ ಮಾಡಿರ್ಲಿಲ್ಲ' ಎಂದಳು. ಅವನು ಹೊರಗೆ ಬಂದ. ಕುಡಿಯುವ ನೀರಿನ ಹತ್ತಿರ ಹೋಗಿ ಎರಡು ಲೋಟ ನೀರು ಕುಡಿದ; ಬಾಯಾರಿಕೆಯೇ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಅವಳಿಗೆ ಹೇಳಲಾಗದ ಉತ್ತರ ಒಂದಿತ್ತು. ಆರು ವರ್ಷದ ಹಿಂದೆ ಎಲ್ಲರ ಮೂಲ ದಾಖಲೆಗಳನ್ನು ಮತ್ತೊಮ್ಮೆ ನೋಡಿ ಸಹಿ ಮಾಡಬೇಕೆಂದು ಆದೇಶ ಬಂದಾಗ, ಪ್ರೆಸ್ಸಿನ ಈ ಮನುಷ್ಯನ ಶಾಲೆಯ ಕಾಗದದಲ್ಲಿ ಗುರುತಿನ ಚಿಹ್ನೆ ಎಂಬಲ್ಲಿ, ಎಡಗಿವಿಯ ಕೆಳಗೆ ದೊಡ್ಡ ಮಚ್ಚೆ ಎಂದಿತ್ತು. ಲಕ್ಷ್ಮಣಪ್ಪ ತಲೆ ಎತ್ತಿ ಎಡಗಿವಿ ನೋಡಿದ. ಅಲ್ಲಿ ಏನೂ ಇರಲಿಲ್ಲ. ಎದುರಿಗೆ ನಿಂತವನು ಕಿವಿ ಮುಚ್ಚಿಕೊಳ್ಳಲಿಲ್ಲ, ಮುಖ ತಿರುಗಿಸಲಿಲ್ಲ. ಕೊಂಬಿಗೆ ಹಗ್ಗ ಹಾಕುವಾಗ ಸಾಧು ಎತ್ತು ನಿಲ್ಲುವ ಹಾಗೆ ನಿಂತಿದ್ದ. ಆಮೇಲೆ ಮೆಲ್ಲಗೆ, ಅಣ್ಣನಿಗೆ ಕೆಲಸದ ಕಾಗದ ಬಂದ ವಾರವೇ ಬೈಕಿನಿಂದ ಬಿದ್ದು ಕಾಲು ಮುರಿಯಿತೆಂದೂ, ಒಂದು ತಿಂಗಳ ಮಟ್ಟಿಗೆ ತಾನು ಬಂದು ಜಾಗ ಹಿಡಿದೆನೆಂದೂ, ತಿಂಗಳು ಮುಗಿಯಲೇ ಇಲ್ಲವೆಂದೂ ಹೇಳಿದ. ಅಣ್ಣ ಕುಂಟುತ್ತ ಹೊಲ ಮಾಡುತ್ತಾನಂತೆ. ಮನೆಯವರ ವಿವರ ಬರೆಯುವ ಕಡೆ, ತನ್ನನ್ನೇ ಎಲ್ಲಿಡುವುದೆಂದು ತಿಳಿಯದೆ, ತಮ್ಮ ಯಮನೂರ, ಊರಿನಲ್ಲಿ ಕೃಷಿ ಎಂದು ಬರೆದಿದ್ದನಂತೆ. ಲಕ್ಷ್ಮಣಪ್ಪ ಮೂಲದೊಡನೆ ತಾಳೆ ನೋಡಿದೆ, ಸರಿಯಿದೆ ಎಂಬ ಮೊಹರು ಒತ್ತಿ ಸಹಿ ಹಾಕಿದ. ಅದನ್ನು ಕರುಣೆ ಎಂದು ಅವನು ಎಂದೂ ತನಗೆ ಹೇಳಿಕೊಂಡಿಲ್ಲ. ಆ ದಿನ ಊಟದ ಹೊತ್ತು ಮೀರಿತ್ತು, ಇನ್ನೂ ನಲವತ್ತು ಜನ ಸಾಲಿನಲ್ಲಿದ್ದರು. ಅಂದಿನಿಂದ ಅವನು ಮನಸ್ಸಿನಲ್ಲಿ ಕೂಡ ಆ ಮನುಷ್ಯನನ್ನು ಎರಡು ಹೆಸರಿನಿಂದಲೂ ಕರೆಯದೆ ಪ್ರೆಸ್ಸಿನವನು ಎಂದಷ್ಟೇ ಅಂದುಕೊಳ್ಳುತ್ತ ಬಂದಿದ್ದ. ಬಯಲಾದರೆ ಪ್ರೆಸ್ಸಿನವನ ಕೆಲಸ ಅಂದೇ ಹೋಗುತ್ತದೆ, ಪೊಲೀಸಿನವರೆಗೂ ಹೋಗಬಹುದು. ನಿವೃತ್ತಿಗೆ ಎರಡು ವರ್ಷವಿರುವ ತನ್ನ ಸಹಿಯೂ ಅದರ ಜೊತೆಗೇ ಹೋಗುತ್ತದೆ.

ಫ್ಲಾಸ್ಕುಗಳನ್ನು ಅಲ್ಲೇ ಬಿಟ್ಟು, ಹೂವಿನ ಹಾರ ತರುತ್ತೇನೆಂದು ಹೇಳಿ ಹತ್ತೂವರೆಗೆ ಅವನು ಗೇಟು ದಾಟಿದ. ಹಾರದವನಿಗೆ ಹಿಂದಿನ ದಿನವೇ ಹೇಳಿಯಾಗಿತ್ತು. ಹೊಸೂರು ರಸ್ತೆಯ ಈಚೆ ಬದಿಗೆ ಬಂದು, ಎಳನೀರಿನ ಗಾಡಿ ದಾಟಿ, ಒಂದರ ಮೇಲೊಂದು ಕೋಣೆ ಏರಿಸಿದ ವಠಾರದ ಮೆಟ್ಟಿಲು ಹತ್ತಿದ. ಈ ವಠಾರ ನಿಂತಿರುವುದು ಅವನ ದೊಡ್ಡಪ್ಪನ ಹುಚ್ಚೆಳ್ಳಿನ ಹೊಲದಲ್ಲಿ. ಇಲ್ಲೆಲ್ಲೋ ಒಂದು ಹುತ್ತವಿತ್ತು, ಈಗ ಅಲ್ಲಿ ಬಟ್ಟೆ ಒಗೆಯುವ ಕಲ್ಲು. ಪ್ರೆಸ್ಸಿನವನ ಹೆಂಡತಿ ಮಹಾನಂದಾ ಬಾಗಿಲು ತೆರೆದೇ ಇಟ್ಟುಕೊಂಡು ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಹಾಸಿದ್ದಳು. ಅವನನ್ನು ಕಂಡು ಎದ್ದು ನಿಂತಳು.

'ಬರ್ರಿ ಸರ, ಒಳಗ ಬರ್ರಿ. ಅವರು ಇನ್ನಾ ಶಿಫ್ಟಿನ್ಯಾಗ ಅದಾರ.'

'ಗೊತ್ತಮ್ಮ. ನಿನ್ ಜೊತೇನೇ ಮಾತಾಡಬೇಕಿತ್ತು.'

'ಒಡಪಿನ ಸುದ್ದಿ, ಹೌದಿಲ್ರಿ? ಕುಂದರ್ರಿ, ಚಾ ಮಾಡ್ತೀನಿ. ಮೂರು ದಿನ ಆತು, ಅವರು ಅದನ್ನ ಹೇಳಿ ಹೇಳಿ ನನ್ನ ತಲಿ ತಿಂದಾರ. ಈಗ ನೀವು ಉಳದಿದ್ರಿ.'

ಅವನು ಕುಳಿತ. ಚಹಾ ಕುದಿಯುವಷ್ಟು ಹೊತ್ತು ಮಾತು ಹುಡುಕಿದ. 'ಒಂದು ಹೆಸರಮ್ಮ. ಅಂದುಬಿಟ್ರೆ ಮುಗೀತು. ಕಾಗದದಲ್ಲಿ ಒಂಬತ್ ವರ್ಷದಿಂದ ಅದೇ ಇದೆ. ನಿನ್ನ ಕಾರ್ಡಲ್ಲೂ ಗಂಡನ ಹೆಸರು ರೇವಣಸಿದ್ದ ಅಂತಾನೇ ಇರೋದು.'

'ಕಾಗದದಾಗ ಇರಲೇಳ್ರಿ. ಕಾಗದಕ್ಕ ನಾಲಿಗಿ ಎಲ್ಲೈತಿ?' ಅವಳು ಲೋಟ ಅವನ ಮುಂದಿಟ್ಟು ಗೋಡೆಗೆ ಒರಗಿ ನಿಂತಳು. 'ಅವರು ನಮ್ಮ ಭಾವಗೋಳು, ಸರ. ತಲಿ ಮ್ಯಾಲೆ ಸೆರಗ ಇಲ್ದ ಅವರ ಮುಂದ ಹಾದಾಕಿ ಅಲ್ಲ ನಾ. ಅವರ ಹೆಸರ ಹಿಡದು, ಇವರೇ ನನ್ನ ಗಂಡ ಅಂತ ಮುನ್ನೂರು ಮಂದಿ ನಡುವ ಅನ್ನು ಅಂತೀರಿ. ನಿಮಗ ಅಣ್ಣಾರು ಅದಾರೇನ್ರಿ?'

'ಇದ್ದಾನೆ.'

'ಇವತ್ತ ಮನಿಗೆ ಹೋಗಿ ಅಕ್ಕಾರಿಗೆ ಹೇಳಿ ನೋಡ್ರಿ. ಭಾವನ ಹೆಸರ ಹೇಳಿ ಗಂಡ ಅನ್ನು ಅಂತ. ಕೈಯಾಗ ಇದ್ದ ಸೌಟು ಎಲ್ಲಿ ಬಂದು ಬೀಳತೈತಿ ನೋಡ್ರಿ.'

ಅವನಿಗೆ ನಗು ಬರಬೇಕಿತ್ತು. ಬದಲಿಗೆ ಅಣ್ಣ ಕಣ್ಣಿಗೆ ಬಂದ. ಜಗಲಿಯ ಮೇಲೆ ಕೂತು ಬೀಡಿ ಎಳೆಯುವ ಅಣ್ಣ, ಕೃಷ್ಣಮ್ಮ ಬಾಗಿಲಿಗೆ ಬಂದರೆ ಎದ್ದು ಹಟ್ಟಿಯ ಕಡೆಗೆ ಹೋಗುವ ಅಣ್ಣ. ಅವನು ಲೋಟ ಕೆಳಗಿಟ್ಟ. 'ಅಂಗಾದ್ರೆ ಬರಬೇಡಮ್ಮ. ಹೊಟ್ಟೆನೋವು ಅಂದುಬಿಡು. ನಾನು ಮೇಡಮ್ಮಿಗೆ ಹೇಳ್ತೀನಿ.'

'ಬರ್ತೀನ್ರಿ.' ಅವಳು ಸೀರೆಯ ನಿರಿಗೆಯನ್ನು ಅಂಗೈಯಲ್ಲಿ ಒತ್ತಿದಳು. 'ಒಂಬತ್ತು ವರ್ಷ ಆತು, ಆ ಗೇಟಿನ ಒಳಗ ಏನೈತಿ ಅಂತ ನಾ ನೋಡಿಲ್ಲ. ಬುತ್ತಿ ಕಟ್ಟಿ ಕಳಸೂದು ಅಷ್ಟ ಗೊತ್ತು. ನಮ್ಮವರಿಗೆ ಶಾಲು ಹೊದಸ್ತಾರಂತ, ಚಪ್ಪಾಳಿ ಹೊಡೀತಾರಂತ. ಅಷ್ಟೂ ಮಂದಿ ನೋಡಬಹುದು, ನಾ ನೋಡಬಾರದೇನ್ರಿ? ಆ ಮೇಡಮ್ಮಾರು ಇಲ್ಲಿತನಕ ಬಂದು ಕರದಾರ. ಇದೇ ಚಾಪಿ ಮ್ಯಾಲೆ ಕುಂತಿದ್ರು.'

'ಕೆಲಸ ಹೋಗ್ತದೆ ಕಣಮ್ಮ!' ಅವನ ದನಿ ಅವನಿಗೇ ದೊಡ್ಡದಾಗಿ ಕೇಳಿತು. ಪಕ್ಕದ ಕೋಣೆಯ ಕುಕ್ಕರು ಕೂಗಿ ಸುಮ್ಮನಾಯಿತು.

'ಗೊತ್ತೈತ್ರಿ' ಎಂದಳು ಮೆಲ್ಲಗೆ. 'ನಾನೇನು ಸಣ್ಣ ಕೂಸಲ್ಲ. ಏನರ ಮಾಡ್ತೀನಿ ಬಿಡ್ರಿ.'

ಏನಾದರೂ ಅಂದರೆ ಏನು? ಮೆಟ್ಟಿಲು ಇಳಿಯುವಾಗ ಅವನಿಗೆ ಅವಳ ಮೇಲೆ ಸಿಟ್ಟು ಬಂತು, ಅವಳ ಗಂಡನ ಮೇಲೆ ಬಂತು, ಕಾಲು ಮುರಿದುಕೊಂಡ ಭಾವನ ಮೇಲೆ ಬಂತು. ಎಲ್ಲರಿಗಿಂತ ಹೆಚ್ಚು ಸಿಟ್ಟು ಮಾಲಾ ಮೇಡಂನ ಮೇಲೆ. ಡಬ್ಬ ಕೊಟ್ಟು ಕಳಿಸಿದ್ದರೆ ಯಾರ ಹೆಂಡತಿಯ ಬಾಯಲ್ಲಿ ಯಾರ ಹೆಸರಿದ್ದರೆ ಯಾರಿಗೇನಾಗುತ್ತಿತ್ತು? ಜನರ ಬಗ್ಗೆ ಯೋಚನೆ ಮಾಡದೆ ಇರುವುದರಲ್ಲೂ ಒಂದು ಮರ್ಯಾದೆಯಿತ್ತು. ಅವರವರ ಮನೆ ಅವರವರಿಗೆ ಎಂದು ಬಿಟ್ಟುಬಿಡುವ ಮರ್ಯಾದೆ. ಹೀಗೆ ಅಂದುಕೊಂಡ ಕೂಡಲೇ, ಒಡಪಿನ ಮಾತನ್ನು ಹಲ್ಲು ಕಿರಿದು ಹೇಳಿದ ತನ್ನ ಮುಖ ಕಣ್ಣೆದುರು ನಿಂತು ಆ ಮರ್ಯಾದೆಯ ಮಾತೂ ಹುಳಿಯಾಯಿತು. ದಾರಿಯಲ್ಲಿ ಫೋನು ನಾಲ್ಕು ಸಲ ಕಿರುಗುಟ್ಟಿತು. ಹಾರ ಎಲ್ಲಿ, ಬ್ಯಾನರ್ ವಾಲಿದೆ, ಮುಚ್ಚಳವಿಲ್ಲದ ಫ್ಲಾಸ್ಕುಗಳನ್ನು ಯಾರಿಗೆ ಕೊಡುವುದು, ಸಾರ್ ಎಲ್ಲಿದ್ದೀರಿ.

ಮೂರು ಗಂಟೆಗೆ ಕ್ಯಾಂಟೀನಿನ ಶೆಡ್ಡಿನಲ್ಲಿ ಶಾಮಿಯಾನದ ಬಟ್ಟೆ ಕಟ್ಟಿ, ಕುರ್ಚಿ ಹಾಕಿ, ಗೋಡೆಗೆ ಬಿಳಿ ಪರದೆ ಇಳಿಬಿಟ್ಟಿದ್ದರು. ಪ್ರೆಸ್ಸಿನವನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದ. ಬಂದವರೆಲ್ಲ ಬೆನ್ನು ತಟ್ಟಿ ಹೋಗುತ್ತಿದ್ದರು: 'ಏನ್ ರೇವಣ, ಇವತ್ ಮದುಮಗ ಆಗೀಯಲ್ಲೋ!' ಅವನು ಪ್ರತಿ ಸಲ ನಕ್ಕು, ನಗು ಮುಗಿದ ಕೂಡಲೇ ಲಕ್ಷ್ಮಣಪ್ಪನ ಕಡೆ ನೋಡುತ್ತಿದ್ದ. ಲಕ್ಷ್ಮಣಪ್ಪ ಮೈಕಿನ ವೈರು ಸುತ್ತುವ ನೆಪದಲ್ಲಿ ಬೆನ್ನು ಹಾಕಿದ. ಐಡಿಯಾ ಅವನದೇ ಆದ್ದರಿಂದ ಒಡಪಿನ ಹೊತ್ತಿಗೆ ಮೈಕು ಹಿಡಿದು ನಿಲ್ಲುವ ಗೌರವವೂ ಅವನದೇ ಎಂದು ಮೇಡಂ ಹೇಳಿದ್ದಳು.

ಪರದೆಯ ಮೇಲೆ ಪ್ರೆಸ್ಸಿನವನ ಫೋಟೋ ಬಂತು. ಅದರ ಕೆಳಗೆ ಕನ್ನಡದಲ್ಲಿ, ನಮ್ಮ ರೇವಣಸಿದ್ದ, ಪತ್ನಿ ಮಹಾನಂದಾ, ತಮ್ಮ ಯಮನೂರ, ಊರಿನಲ್ಲಿ ಕೃಷಿ ಎಂದು ದೊಡ್ಡ ಅಕ್ಷರದಲ್ಲಿತ್ತು. ಇದೊಂದು ಇರದಿದ್ದರೆ, ಯಮನೂರ ಅನ್ನುವುದು ಮನೆಯಲ್ಲಿ ಕರೆಯುವ ಹೆಸರು ಎಂದಾದರೂ ಹೇಳಿ ಜಾರಬಹುದಿತ್ತು. ಈಗ ಅವಳು ನಿಜ ಹೇಳಿದರೆ ಮೈದುನನನ್ನು ಗಂಡ ಅಂದಂತೆ ಜನಕ್ಕೆ ಕೇಳುತ್ತದೆ. ಸುಳ್ಳು ಹೇಳಿದರೆ ಭಾವನನ್ನು ಗಂಡ ಅಂದಂತೆ ಅವಳಿಗೆ ಕೇಳುತ್ತದೆ. ಮಾಲಾ ಮೇಡಂ ಶಾಲು ಹೊದಿಸಿದಳು. ಶೆಡ್ಡಿನ ತಗಡು ಅದುರುವಂತೆ ಚಪ್ಪಾಳೆ ಬಿತ್ತು. ಹೆಂಗಸರ ಸಾಲಿನಲ್ಲಿ ಮಹಾನಂದಾ ಚಪ್ಪಾಳೆ ತಟ್ಟುತ್ತಿರಲಿಲ್ಲ. ಎರಡೂ ಕೈಯನ್ನು ಗಲ್ಲಕ್ಕೆ ಒತ್ತಿ, ಬಾಯಿ ತುಸು ತೆರೆದು, ನೋಡುತ್ತಿದ್ದಳು. ಯಾರನ್ನಾದರೂ ಯಾರಾದರೂ ಹಾಗೆ ನೋಡಿದ್ದನ್ನು ಲಕ್ಷ್ಮಣಪ್ಪ ಕಂಡಿರಲಿಲ್ಲ. ಇದಕ್ಕಾಗಿಯೇ ಬಂದಿದ್ದಳು, ಇಷ್ಟಕ್ಕೇ ಬಿಟ್ಟುಬಿಟ್ಟರೆ ಸಾಕು ದೇವರೇ ಎಂದು ಅವನು ಅಂದುಕೊಂಡ.

ಒಡಪಿಗೆ ಮೊದಲು ಎದ್ದವಳು ಅಮರಪ್ಪನ ಹೆಂಡತಿ ಚನ್ನಕ್ಕ. ಮೈಕು ಬೇಡವೆಂದು ತಳ್ಳಿ, ಸೊಂಟಕ್ಕೆ ಕೈಕೊಟ್ಟು, 'ಪೇಂಟ್ ಬೂತಿನ್ಯಾಗ ನಿಂತು ಮೈಯೆಲ್ಲಾ ಬಣ್ಣ, ಅಮರಪ್ಪ ಅವರು ಮನಿಗೆ ಬಂದ್ರ ಗುರುತು ಸಿಗೂದು ಬರೇ ಕಣ್ಣ!' ಎಂದಳು. ಜನ ಕುರ್ಚಿ ಹತ್ತಿ ಕೂಗಿದರು. ಹಿಂದಿನಿಂದ ಯಾರೋ, 'ಅದಕ್ಕ ಅಮರಣ್ಣ ರವಿವಾರ ಎರಡು ಸಲ ಜಳಕ ಮಾಡ್ತಾನ' ಎಂದ. ಮಾಲಾ ಮೇಡಂ ಫೋನು ಎತ್ತಿ ಹಿಡಿದು ರೆಕಾರ್ಡು ಮಾಡುತ್ತ, ಅರ್ಥ ಅರ್ಧ ತಿಳಿದು ಅರ್ಧ ತಿಳಿಯದೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅವಳ ಸಂತೋಷ ನಿಜವಾದದ್ದೆಂದು ಕಂಡು ಅವನಿಗೆ ಇನ್ನಷ್ಟು ಕಿರಿಕಿರಿಯಾಯಿತು. 'ಈಗ ನಮ್ಮ ಹೀರೋನ ಹೆಂಡತಿ! ಮಹಾನಂದಾ, ಬನ್ನಿ ಬನ್ನಿ!'

ಅವಳು ಬಂದಳು. ಲಕ್ಷ್ಮಣಪ್ಪ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿಯಬೇಕಾಗಿತ್ತು; ಅದು ಅವಳ ಗಲ್ಲಕ್ಕೆ ತಾಗಿ ದಡ್ ಎಂದಿತು. ಅವಳು ಅವನ ಮುಖ ನೋಡಲಿಲ್ಲ. ಗಂಡನ ಮುಖವನ್ನೂ ನೋಡಲಿಲ್ಲ. ಪ್ರೆಸ್ಸಿನವನು ಶಾಲಿನ ಅಂಚನ್ನು ಮುಷ್ಟಿಯಲ್ಲಿ ಹಿಂಡುತ್ತ, ತಲೆಯನ್ನು ತುಸುವೇ ಅಲ್ಲಾಡಿಸಿದ. ಬೇಡ ಅಂದನೋ, ಹೇಳು ಅಂದನೋ ತಿಳಿಯಲಿಲ್ಲ. ಶೆಡ್ಡು ಸದ್ದಡಗಿತು. ಅವಳು ಕಣ್ಣು ಮುಚ್ಚಿಕೊಂಡು, ಬೀಸುಕಲ್ಲಿನ ಮುಂದೆ ಕೂತವರ ರಾಗದಲ್ಲಿ ಹೇಳಿದಳು:

'ಕರಿ ಎರಿ ಹೊಲದಾಗ ಬಿಳಿ ಜ್ವಾಳದ ತೆನಿ,
ಬಾಡಿಗಿ ಆದರೇನು, ನಗತೈತಿ ನಮ್ಮ ಮನಿ,'

ಇಲ್ಲಿ ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೆಂಗಸರು ಅದನ್ನು ನಾಚಿಕೆಯೆಂದು ತಿಳಿದು ಕಿಸಕ್ಕೆಂದರು.

'ರೇವಣಸಿದ್ದ ಅವರ'

ಎಂದದ್ದೇ ತಡ, ಪ್ರೆಸ್ ಶಾಪಿನ ಹುಡುಗರು ಎದ್ದು ನಿಂತು ಶಿಳ್ಳೆ ಹೊಡೆದರು. 'ಓ ರೇವಣಾ!' ಎಂದು ಒಬ್ಬ, 'ಹೇಳೇಬಿಟ್ರು ವೈನಿ!' ಎಂದು ಇನ್ನೊಬ್ಬ. ಚಪ್ಪಾಳೆ, ತಟ್ಟೆ ಬಡಿತ, ತಗಡಿನ ಗುಡುಗು. ಲಕ್ಷ್ಮಣಪ್ಪ ಹಿಡಿದ ಮೈಕು ಅವಳ ಬಾಯಿಂದ ದೂರ ಸರಿದಿತ್ತು. ಆ ಗದ್ದಲದ ಒಳಗೆ ಅವಳು ನಿಲ್ಲಿಸಲಿಲ್ಲ, ದನಿ ಏರಿಸಲೂ ಇಲ್ಲ. ಕಣ್ಣು ಮುಚ್ಚಿಕೊಂಡೇ, ಅದೇ ರಾಗದಲ್ಲಿ, ಸಾಲನ್ನು ಅದರ ಕೊನೆಯವರೆಗೆ ತೆಗೆದುಕೊಂಡು ಹೋದಳು:

'ಬೆನ್ನಿಗೆ ಬಿದ್ದ ಯಮನೂರ ಅವರು ನನ್ನ ಧಣಿ.'

ಒಂದು ಮೊಳ ದೂರದಲ್ಲಿದ್ದ ಲಕ್ಷ್ಮಣಪ್ಪನಿಗೆ ಒಂದೊಂದಕ್ಷರವೂ ಕೇಳಿತು. ರೇವಣಸಿದ್ದನ ಬೆನ್ನಿಗೆ ಬಿದ್ದ, ಅವನ ನಂತರ ಹುಟ್ಟಿದ ತಮ್ಮ ಯಮನೂರ ನನ್ನ ಗಂಡ. ಮುನ್ನೂರು ಜನರ ನಡುವೆ ನಿಂತು ಅವಳು ನಿಜವನ್ನೇ ಹೇಳಿದ್ದಳು. ಭಾವನಿಗೆ ಸೆರಗೂ ಹೊದ್ದಿದ್ದಳು, ಗಂಡನಿಗೆ ಹೆಸರೂ ಕೊಟ್ಟಿದ್ದಳು. ಜನಕ್ಕೆ ಬೇಕಾಗಿದ್ದ ಹೆಸರು ಮೊದಲೇ ಸಿಕ್ಕಿದ್ದರಿಂದ ಉಳಿದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳು ಕಣ್ಣು ತೆರೆದು ಲಕ್ಷ್ಮಣಪ್ಪನನ್ನು ನೋಡಿದಳು. ಏನಾದರೂ ಮಾಡ್ತೀನಿ ಅಂದಿದ್ದೆನಲ್ಲ ಎಂಬಂತೆ ಸಣ್ಣಗೆ ನಕ್ಕಳು. ಅವನಿಗೆ ಬೆವರಿನಲ್ಲಿ ತೊಯ್ದ ಬೆನ್ನು ತಣ್ಣಗಾಗಿ, ಮೂರು ವಾರದಲ್ಲಿ ಮೊದಲ ಸಲ ಹಸಿವಾಯಿತು. ಎರಡು ಮೈಸೂರುಪಾಕು ತಿಂದ.

ಐದು ಗಂಟೆಗೆ ಮಾಲಾ ಮೇಡಂ ಅವನನ್ನು ಕೋಣೆಗೆ ಕರೆದಳು. ಕಾಲಿನ ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಫೋನು ನೋಡುತ್ತಿದ್ದಳು. 'ಸಾರ್, ಹೆಡ್ ಆಫೀಸ್‌ನವರು ವಿಡಿಯೋ ಕೇಳ್ತಿದ್ದಾರೆ. ಮಹಾನಂದಾ ಅವರದ್ದು ಟಾಪ್. ಕೆಳಗೆ ಸಾಲುಗಳನ್ನ ಹಾಕ್ಬೇಕು, ಇಲ್ದಿದ್ರೆ ಯಾರಿಗೂ ಗೊತ್ತಾಗಲ್ಲ. ರೇವಣಸಿದ್ದ ಅನ್ನೋವರೆಗೂ ಸಿಕ್ತು. ಆಮೇಲೆ ಬರೀ ಶಿಳ್ಳೆ. ಏನೋ ಇನ್ನೂ ಹೇಳ್ತಾರಲ್ಲ, ಬಾಯಿ ಆಡ್ತಿದೆ ನೋಡಿ. ನೀವು ಪಕ್ಕದಲ್ಲೇ ಇದ್ರಿ. ಏನದು?'

ಪುಟ್ಟ ತೆರೆಯಲ್ಲಿ ಮಹಾನಂದಾಳ ತುಟಿ ಆಡುತ್ತಿತ್ತು. ಅವನು ಕನ್ನಡಕ ತೆಗೆದು ಒರೆಸಿದ. ಹೇಳಬಹುದಾದ ಮಾತು ಒಂದೇ ಇತ್ತು. ಅದನ್ನು ತಾನು ಹೇಳುತ್ತೇನೆಂದು ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕನ್ನಡಕ ಒರೆಸಿದ್ದಕ್ಕೆ ನಾಚಿಕೆಯಾಯಿತು.

'ರೇವಣಸಿದ್ದ ಅವರು ನನ್ನ ಧಣಿ. ಅಷ್ಟೇ ಮೇಡಂ.'

'ತೆನಿ, ಮನಿ, ಧಣಿ. ಆಹಾ!' ಅವಳು ಫೋನಿನಲ್ಲಿ ಅಕ್ಷರ ಒತ್ತಿದಳು. 'ಗಲಾಟೆ ಇರೋ ಕಡೆ ಕಟ್ ಮಾಡಿ ಚಪ್ಪಾಳೆ ಸೇರಿಸ್ತೀನಿ. ಊರಲ್ಲಿರೋ ತಮ್ಮನಿಗೂ ಕಳಿಸ್ತೀನಿ, ಮನೆ ನಂಬರ್ ಫೈಲಲ್ಲಿತ್ತು. ಖುಷಿಪಡ್ತಾನೆ.' ಆ ನಂಬರಿನ ಫೋನು ಊರಿನಲ್ಲಿರುವ ನಿಜವಾದ ರೇವಣಸಿದ್ದನ ಕೈಯಲ್ಲಿರುವುದೆಂದು ಅವನಿಗೆ ಗೊತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವಳು ಬರೆದದ್ದನ್ನು ಗಟ್ಟಿಯಾಗಿ, ಪಾಠ ಒಪ್ಪಿಸುವಂತೆ ಓದತೊಡಗಿದಳು: 'ಬಾಡಿಗಿ ಆದರೇನು, ನಗತೈತಿ ನಮ್ಮ ಮನಿ, ರೇವಣಸಿದ್ದ ಅವರು ನನ್ನ ಧಣಿ.'

'ನಾ ಹಂಗ ಅಂದಿಲ್ರಿ.'

ಬಾಗಿಲಲ್ಲಿ ಮಹಾನಂದಾ ನಿಂತಿದ್ದಳು. ಹೋಗಿಬರುತ್ತೇವೆಂದು ಹೇಳಲು ಬಂದಿದ್ದರು. ಅವಳ ಹಿಂದೆ ಶಾಲು ಹೊದ್ದುಕೊಂಡೇ ಪ್ರೆಸ್ಸಿನವನು.

'ಏನಂತಾರೆ ಸಾರ್?' ಎಂದಳು ಮಾಲಾ ಮೇಡಂ, ನಗುತ್ತಲೇ.

'ನಾ ಹಂಗ ಅಂದಿಲ್ಲ. ಸರ, ನೀವು ಬಾಜೂಕ ಇದ್ರಿ. ನಾ ಏನಂದೆ ಹೇಳ್ರಿ.'

ಲಕ್ಷ್ಮಣಪ್ಪ ಮೇಜಿನ ಗಾಜಿನ ಕೆಳಗಿದ್ದ ರಜಾದಿನಗಳ ಪಟ್ಟಿ ನೋಡುತ್ತಿದ್ದ. ಸಂಕ್ರಾಂತಿ ಬುಧವಾರ ಬಿದ್ದಿತ್ತು. ಪ್ರೆಸ್ಸಿನವನು ಮುಂದೆ ಬಂದು ಹೆಂಡತಿಯ ತೋಳು ಹಿಡಿದ. 'ಅಂದಿ. ಹಂಗ ಅಂದಿ. ನಡಿ.'

'ಸರ?'

'ಹೌದಮ್ಮ' ಎಂದ ಲಕ್ಷ್ಮಣಪ್ಪ, ಪಟ್ಟಿಯಿಂದ ಕಣ್ಣು ತೆಗೆಯದೆ. 'ಅಂಗೇ ಅಂದೆ ನೀನು.'

ಅವಳು ತೋಳು ಬಿಡಿಸಿಕೊಂಡು, ಗಂಡನ ಹೆಗಲಿನಿಂದ ಶಾಲನ್ನು ತೆಗೆದಳು. ಅವನು ತಡೆಯಲಿಲ್ಲ. ಅವಸರವಿಲ್ಲದೆ, ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ ಮಾಡಿ ಲಕ್ಷ್ಮಣಪ್ಪನ ಮುಂದೆ ಮೇಜಿನ ಮೇಲಿಟ್ಟು, 'ಇದನ್ನೂ ಊರಿಗೆ ಕಳಸ್ರಿ' ಎಂದು ಹೊರಗೆ ಹೋದಳು. ಪ್ರೆಸ್ಸಿನವನು ಅವಳ ಹಿಂದೆ ಓಡಿದ. ಕಾರಿಡಾರಿನಲ್ಲಿ ಅವನ ಚಪ್ಪಲಿಯ ಸದ್ದು ಮಾತ್ರ ಕೇಳಿಸುತ್ತಿತ್ತು, ಅವಳದು ಕೇಳಿಸುತ್ತಿರಲಿಲ್ಲ.

'ಅಯ್ಯೋ, ಎಷ್ಟು ಚಂದ ಸಾರ್' ಎಂದಳು ಮಾಲಾ ಮೇಡಂ. ಅವಳ ಕಣ್ಣು ಒದ್ದೆಯಾಗಿತ್ತು. 'ಸಿಕ್ಕಿದ ಶಾಲನ್ನ ಊರಿಗೇ ಕಳಿಸ್ತಿದ್ದಾರೆ. ಅಡ್ರೆಸ್ ಬರೆದಿಡಿ, ಸೋಮವಾರ ಕೊರಿಯರ್ ಹೋಗ್ಲಿ.'

ಲಕ್ಷ್ಮಣಪ್ಪ ಜೇಬಿನಿಂದ ಪೆನ್ನು ತೆಗೆದ. ಕಂದು ಕಾಗದದ ಮೇಲೆ ಇವರಿಗೆ ಎಂದು ಬರೆದು, ಅದರ ಕೆಳಗೆ ಪೆನ್ನು ಊರಿ ಕೂತ. ಫೈಲಿನಲ್ಲಿ ಊರಿನವನು ಯಮನೂರ; ಊರಿನಲ್ಲಿರುವವನು ರೇವಣಸಿದ್ದ.

'ಯಾರ ಹೆಸರಿಗೆ ಮೇಡಂ?'

'ಅಷ್ಟೂ ನಾನೇ ಹೇಳ್ಬೇಕಾ ಸಾರ್?'